ಸಿಸಿಲಿ ಸಾಂಡರ್ಸ್: ನರ್ಸ್ ಆಗಿ ಶುರು ಮಾಡಿ ಸಾಯೋರ ನೋವಿಗೆ ದಾರಿ ಹುಡುಕಿದವರು, ಇವರ ಬಗ್ಗೆ ಮಾತಾಡೋಣ ಬನ್ನಿ

ಕಾಡುಮಲ್ಲಿಗೆ
ಎಲ್ರಿಗೂ ನಮಸ್ಕಾರ. ನರ್ಸಿಂಗ್ ಅಂದ ಕೂಡ್ಲೇ ನಾವೆಲ್ಲ ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಹೇಳ್ತೀವಿ, ಹೇಳ್ಲೇಬೇಕಾದ ಹೆಸರೇ ಅದು, ಆದ್ರೆ ಅವರ ಹೆಸರಲ್ಲಿರೋ ಟ್ರೇನಿಂಗ್ ಸ್ಕೂಲಲ್ಲೇ ಕಲಿತ ಇನ್ನೊಬ್ರ ಬಗ್ಗೆ ಕನ್ನಡದಲ್ಲಿ ಮಾತಾಡೋರು ತುಂಬಾ ಕಮ್ಮಿ. ಡೇಮ್ ಸಿಸಿಲಿ ಸಾಂಡರ್ಸ್. 1918ರ ಜೂನ್ 22ಕ್ಕೆ ಲಂಡನ್ ಪಕ್ಕದ ಬಾರ್ನೆಟ್‌ನಲ್ಲಿ ಹುಟ್ಟಿದ್ದು, ಅನುಕೂಲಸ್ಥರ ಮನೆ, ಆಕ್ಸ್‌ಫರ್ಡಲ್ಲಿ ಓದ್ತಾ ಇದ್ರು. ಯುದ್ಧ ಶುರುವಾಯ್ತು ನೋಡಿ, ಓದು ಅರ್ಧಕ್ಕೇ ಬಿಟ್ಟು 1940ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಗೆ ನರ್ಸಿಂಗ್ ಕಲಿಯೋಕೆ ಸೇರ್ಕೊಂಡ್ರು. ಆ ವರ್ಷನೇ ಆ ಆಸ್ಪತ್ರೆ ಮೇಲೇ ಬಾಂಬ್ ಬಿದ್ದಿತ್ತು.

ನರ್ಸ್ ಆಗಿ ತರಬೇತಿ ಮುಗಿಸಿದ್ರು, ಆದ್ರೆ ಬೆನ್ನು ಕೈಕೊಡ್ತು. ರೋಗಿಗಳನ್ನ ಎತ್ತೋದು, ಹೊರಳಿಸೋದು, ಇಡೀ ದಿನ ನಿಂತಿರೋದು ಆಗೋದೇ ಇಲ್ಲ ಅಂತ ಡಾಕ್ಟರು ಹೇಳಿಬಿಟ್ರು. ಬೇರೆಯವರಾಗಿದ್ರೆ ಬಿಟ್ಟು ಮನೆಗೆ ಹೋಗ್ತಿದ್ರೇನೋ, ಇವರು ಮತ್ತೆ ಓದಿ ಅದೇ ಆಸ್ಪತ್ರೆಯಲ್ಲಿ ಅಲ್ಮೋನರ್ ಆಗಿ ಬಂದ್ರು, ಅಂದ್ರೆ ರೋಗಿಗಳ ಮನೆ ಕಷ್ಟ, ದುಡ್ಡುಕಾಸು, ಡಿಸ್ಚಾರ್ಜ್ ಆದ್ಮೇಲೆ ಎಲ್ಲಿಗೆ ಹೋಗ್ತಾರೆ ಅಂತ ನೋಡ್ಕೊಳ್ಳೋ ಕೆಲಸ, ಈಗ ನಾವು ಮೆಡಿಕಲ್ ಸೋಶಿಯಲ್ ವರ್ಕರ್ ಅಂತೀವಲ್ಲ ಅದು. ಆಮೇಲೆ 33ನೇ ವಯಸ್ಸಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿ ಡಾಕ್ಟರೂ ಆದ್ರು! ಒಂದೇ ಜೀವದಲ್ಲಿ ನರ್ಸು, ಸಮಾಜಸೇವಕಿ, ಡಾಕ್ಟರು ಮೂರೂ.

ನನಗೆ ಇವರು ಯಾಕೆ ಇಷ್ಟೊಂದು ಮುಖ್ಯ ಅಂದ್ರೆ, "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂತಾರಲ್ಲ, ಆ ಮಾತು ಕೇಳದೇ ಇರೋ ಮನೆ ಇಲ್ಲ. ಬೇರೆಯವರ ಕೆಲಸ ನಿಲ್ಲೋ ಆ ಜಾಗದಿಂದಾನೇ ಇವರ ಕೆಲಸ ಶುರುವಾಗೋದು. ಇವತ್ತು ಹಾಸ್ಪಿಸ್ (ಕೊನೆಗಾಲದ ರೋಗಿಗಳನ್ನ ನೋಡ್ಕೊಳ್ಳೋ ಮನೆ), ಪ್ಯಾಲಿಯೇಟಿವ್ ಕೇರ್ (ರೋಗ ವಾಸಿ ಆಗದಿದ್ರೂ ನೋವು, ಸಂಕಟ ಕಮ್ಮಿ ಮಾಡೋ ಆರೈಕೆ) ಅಂತ ಏನು ಇದೆಯೋ ಅದರ ಬೇರು ಇವರಲ್ಲಿದೆ. ತಿಳಿದವರು ದಯವಿಟ್ಟು ಸೇರಿಸಿ, ನರ್ಸುಗಳಿದ್ರೆ ಇನ್ನೂ ಸಂತೋಷ.

ಹಳೇಪುಸ್ತಕ
ಒಳ್ಳೇ ವಿಷಯ ಎತ್ತಿದ್ರಿ ಕಾಡುಮಲ್ಲಿಗೆಯವರೇ. ಡೇವಿಡ್ ಟಾಸ್ಮಾ ಕಥೆ ಹೇಳದೆ ಇವರ ಕಥೆ ಹೇಳೋಕಾಗಲ್ಲ, ಅದನ್ನ ನಾನು ಬರೀತೀನಿ.

ಈತ ಪೋಲೆಂಡಿನಿಂದ ಬಂದ ಯಹೂದಿ ನಿರಾಶ್ರಿತ, ಲಂಡನ್ನಿನಲ್ಲಿ ಹೋಟೆಲಲ್ಲಿ ವೇಟರ್ ಕೆಲಸ, ವಯಸ್ಸು 40ರ ಆಸುಪಾಸು, ಆಪರೇಷನ್ ಮಾಡೋಕಾಗದ ಹಂತದ ಕ್ಯಾನ್ಸರ್. ಹತ್ತಿರದವರು ಅಂತ ಯಾರೂ ಇಲ್ಲ. ಸಿಸಿಲಿ ಅವರು ಅಲ್ಮೋನರ್ ಆಗಿದ್ದಾಗ 1947ರಲ್ಲಿ ವಾರ್ಡಲ್ಲಿ ಭೇಟಿ ಆಯ್ತು. ಆಮೇಲೆ ಅವನನ್ನ ಬೇರೆ ಆಸ್ಪತ್ರೆಗೆ ಹಾಕಿದ್ರು, ಅಲ್ಲಿಗೂ ಇವರು ಹೋಗ್ತಾ ಇದ್ರು, ಡ್ಯೂಟಿ ಅಂತೇನಲ್ಲ. ತನ್ನ ಬದುಕು ಯಾರಿಗೂ ಉಪಯೋಗಕ್ಕೆ ಬರ್ದೆ ಮುಗಿದು ಹೋಗ್ತಾ ಇದೆ ಅನ್ನೋದೇ ಅವನಿಗೆ ದೊಡ್ಡ ಸಂಕಟ. ಇಬ್ರೂ ಕೂತು, ಸಾಯೋರಿಗೆ ಅಂತಾನೇ ಒಂದು ಜಾಗ ಇದ್ರೆ ಹೇಗಿರ್ಬೇಕು, ನೋವು ಇಲ್ದೆ, ಗದ್ದಲ ಇಲ್ದೆ, ಮಾತಾಡೋಕೆ ಜನ ಇದ್ದು, ಅಂತೆಲ್ಲ ಮಾತಾಡ್ತಿದ್ರಂತೆ.

ಒಂದು ದಿನ ಸಮಾಧಾನಕ್ಕೆ ಏನಾದ್ರೂ ಹೇಳಿ ಅಂದ. ಇವರು ಬಾಯಿಪಾಠ ಇದ್ದ ಬೈಬಲಿನ 23ನೇ ಕೀರ್ತನೆ ಹೇಳಿದ್ರು. ಇನ್ನೂ ಓದ್ಲಾ ಅಂತ ಕೇಳಿದ್ದಕ್ಕೆ, ಬೇಡ, ನಿಮ್ಮ ಬುದ್ಧಿಯಲ್ಲಿ ಏನಿದೆ, ನಿಮ್ಮ ಎದೆಯಲ್ಲಿ ಏನಿದೆ ಅದು ಮಾತ್ರ ಸಾಕು ನನಗೆ ಅಂದ್ನಂತೆ. 1948ರ ಫೆಬ್ರವರಿಯಲ್ಲಿ ತೀರ್ಕೊಂಡ. ಹೋಗುವಾಗ 500 ಪೌಂಡ್ ಇವರ ಹೆಸರಿಗೆ ಬಿಟ್ಟು, ನಿಮ್ಮ ಮನೆಯಲ್ಲಿ ನಾನೊಂದು ಕಿಟಕಿ ಆಗಿರ್ತೀನಿ ಅಂತ ಹೇಳಿದ್ದ.

ಆಗ ಮನೆನೇ ಇರ್ಲಿಲ್ಲ ನೋಡಿ, ಒಂದು ಇಟ್ಟಿಗೆನೂ ಇಟ್ಟಿರ್ಲಿಲ್ಲ. ಆ ಕಿಟಕಿ ಸುತ್ತ ಮನೆ ಕಟ್ಟೋಕೆ ನನಗೆ 19 ವರ್ಷ ಹಿಡೀತು ಅಂತ ಸಿಸಿಲಿ ಅವರೇ ಆಮೇಲೆ ಹೇಳ್ತಿದ್ರು. ಇದನ್ನ ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತೆ. ಯಾರೋ ಒಬ್ಬ ವೇಟರು, ಊರಿಲ್ಲದವನು, ಅವನ ಉಳಿತಾಯದ ದುಡ್ಡು ಒಂದು ದೊಡ್ಡ ಕೆಲಸದ ಮೊದಲ ದೇಣಿಗೆ ಆಯ್ತು.

ರಾತ್ರಿಪಾಳಿ
ನಾನು ನರ್ಸ್, ಕ್ಯಾನ್ಸರ್ ವಾರ್ಡಲ್ಲಿ ತುಂಬಾ ವರ್ಷ ಇದ್ದೆ, ಅದಕ್ಕೇ ಈ ಚರ್ಚೆ ನೋಡಿ ಖುಷಿ ಆಯ್ತು. ಕಥೆ ಎಲ್ರೂ ಹೇಳ್ತಾರೆ, ಅವರು ವಾರ್ಡಲ್ಲಿ ಏನು ಬದಲಾಯಿಸಿದ್ರು ಅನ್ನೋದನ್ನ ನಾನು ಹೇಳ್ತೀನಿ ಯಾಕಂದ್ರೆ ನಾವು ದಿನಾ ಮಾಡೋ ಕೆಲಸ ಅದು.

ಆ ಕಾಲದಲ್ಲಿ ರೋಗಿಗೆ ನೋವು ಬಂದು, ಕೂಗಿ, ಅತ್ತು, ಬೇಡಿಕೊಂಡ ಮೇಲೆ ಮಾರ್ಫಿನ್ ಇಂಜೆಕ್ಷನ್ ಕೊಡ್ತಿದ್ರು. ಅಷ್ಟರಲ್ಲಿ ನೋವು ತಲೆಗೇರಿರುತ್ತೆ, ಅದನ್ನ ಇಳಿಸೋಕೆ ಜಾಸ್ತಿ ಡೋಸ್ ಬೇಕು, ಜಾಸ್ತಿ ಕೊಟ್ರೆ ಮಂಪರು, ಎಚ್ಚರ ಆಗುವಷ್ಟರಲ್ಲಿ ಮತ್ತೆ ನೋವು. ಹಿಂಗಾಗಿ ರೋಗಿ ಇಡೀ ದಿನ ಗಡಿಯಾರ ನೋಡ್ತಾ ಮುಂದಿನ ನೋವಿಗೆ ಹೆದರ್ತಾ ಕೂತಿರ್ತಾನೆ, ಆ ಹೆದರಿಕೆ ನೋವನ್ನ ಇನ್ನೂ ಜಾಸ್ತಿ ಮಾಡುತ್ತೆ.

ಬೇಸ್‌ವಾಟರ್‌ನಲ್ಲಿ ಸೇಂಟ್ ಲೂಕ್ಸ್ ಅಂತ ಬಡವರಿಗೆ ಕೊನೆಗಾಲದಲ್ಲಿ ಇರೋಕೆ ಒಂದು ಮನೆ ಇತ್ತು, 1893ರಿಂದ ಇದ್ದದ್ದು. ಟಾಸ್ಮಾ ತೀರ್ಕೊಂಡ ಮೇಲೆ ಸಿಸಿಲಿ ಮೇಡಂ ಅಲ್ಲಿಗೆ ಸಂಜೆ ಹೊತ್ತು ಪುಕ್ಕಟೆ ಸೇವೆಗೆ ಹೋಗ್ತಿದ್ರು. ಅಲ್ಲಿನ ಸಿಸ್ಟರ್‌ಗಳು ನೋವು ಬರೋಕೆ ಕಾಯ್ದೆ ಟೈಮಿಗೆ ಸರಿಯಾಗಿ ಬಾಯಲ್ಲಿ ಔಷಧಿ ಕೊಡ್ತಿದ್ರು. ಇವರು ಅದನ್ನ ಗಮನಿಸಿದ್ರು. ಯಾವ ದೊಡ್ಡ ಪ್ರೊಫೆಸರೂ ಹೇಳಿಕೊಟ್ಟಿದ್ದಲ್ಲ, ವಾರ್ಡಲ್ಲಿ ನರ್ಸುಗಳು ಮಾಡ್ತಾ ಇದ್ದ ಪದ್ಧತಿ, ಒಬ್ಬ ನರ್ಸಿನ ಕಣ್ಣಿಗೆ ಬಿತ್ತು. ಸದಾ ಇರೋ ನೋವಿಗೆ ಸದಾ ಹಿಡಿತ ಬೇಕು ಅನ್ನೋದು ಅವರ ತತ್ವ. 4 ಗಂಟೆಗೊಮ್ಮೆ, ನೋವು ಮತ್ತೆ ತಲೆ ಎತ್ತೋ ಮೊದಲೇ, ಅವರವರಿಗೆ ಎಷ್ಟು ಬೇಕೋ ಅಷ್ಟು, ಸಾಧ್ಯ ಇದ್ರೆ ಬಾಯಲ್ಲೇ. ರೋಗಿ ಬೇಡೋ ಪರಿಸ್ಥಿತಿನೇ ಬರಬಾರದು.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಪದ್ಧತಿ ಅಂತ ಹೊರಡಿಸಿತಲ್ಲ, ಬಾಯಿಂದ, ಗಡಿಯಾರದ ಪ್ರಕಾರ, ಮೆಟ್ಟಿಲು ಪ್ರಕಾರ ಅಂತ, ಅದರಲ್ಲಿ ಇದೇ ವಿಚಾರ ಇರೋದು.

ಒಂಟಿಮರ
ರಾತ್ರಿಪಾಳಿ ಅಕ್ಕ, ನೀವು ಬರೆದಿದ್ದು ಓದಿ ಕೈ ನಡುಗ್ತು. ನಮ್ಮಪ್ಪ ಹೋಗಿದ್ದು ಹೊಟ್ಟೆ ಕ್ಯಾನ್ಸರಲ್ಲಿ. ಯಾವ ಆಸ್ಪತ್ರೆ ಅಂತ ಹೇಳಲ್ಲ, ಅದು ಇಲ್ಲಿ ಮುಖ್ಯ ಅಲ್ಲ. ಕೊನೇ ದಿನಗಳಲ್ಲಿ ನೋವು ಅಂತ ಒದ್ದಾಡೋರು, ನಾವು ಹೋಗಿ ಕೇಳಿದ್ರೆ "ಈಗ ತಾನೇ ಕೊಟ್ಟಿದೀವಿ, ಜಾಸ್ತಿ ಕೊಟ್ರೆ ಅಭ್ಯಾಸ ಆಗ್ಬಿಡುತ್ತೆ" ಅಂತ ಅನ್ನೋರು. ಸಾಯೋ ಮನುಷ್ಯನಿಗೆ ಅಭ್ಯಾಸ ಆದ್ರೆ ಏನಾಗ್ಬೇಕು ಅಂತ ನನಗೆ ಆಗ ಕೇಳೋಕೆ ಬಾಯಿ ಬರಲಿಲ್ಲ. ಜೀವನ ಪೂರ್ತಿ ಯಾರ ಮುಂದೂ ಕೈ ಚಾಚದ ಮನುಷ್ಯ ಒಂದು ಇಂಜೆಕ್ಷನ್ನಿಗೆ ಅಂಗಲಾಚೋದು ನೋಡಿದೀನಿ. ಈ ಹೆಂಗಸು ಇದನ್ನೆಲ್ಲ ನಾನು ಹುಟ್ಟೋ ಮೊದಲೇ ಬಗೆಹರಿಸಿಟ್ಟಿದ್ರು ಅಂತ ಇವತ್ತು ಗೊತ್ತಾಗ್ತಾ ಇದೆ. ನಿಜವಾಗ್ಲೂ ಅಭ್ಯಾಸ ಆಗುತ್ತಾ ಅಕ್ಕ?

ರಾತ್ರಿಪಾಳಿ
ಒಂಟಿಮರ ತಮ್ಮ, ನಿಮ್ಮಪ್ಪನವರ ವಿಷಯ ಓದಿ ಸಂಕಟ ಆಯ್ತು. ಆ ಭಯ ನಾನು ಎಷ್ಟೋ ಕಡೆ ನೋಡಿದೀನಿ, ಡಾಕ್ಟರುಗಳಲ್ಲೂ, ನರ್ಸುಗಳಲ್ಲೂ, ಮನೆಯವರಲ್ಲೂ.

ಸಿಸಿಲಿ ಮೇಡಂ ಬರೀ ಕನಿಕರದಿಂದ ಮಾತಾಡಿದ್ರೆ ಯಾರೂ ಕೇಳ್ತಿರ್ಲಿಲ್ಲ. ಡಾಕ್ಟರ್ ಆದ ಮೇಲೆ 1958ರಲ್ಲಿ ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ ಸೇಂಟ್ ಜೋಸೆಫ್ಸ್ ಹಾಸ್ಪಿಸ್‌ಗೆ ಹೋದ್ರು, ಅದನ್ನ ಐರಿಷ್ ಸನ್ಯಾಸಿನಿಯರು ನಡೆಸ್ತಾ ಇದ್ರು. ಅಲ್ಲಿ 7 ವರ್ಷ, ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಇಟ್ಟರು, ಯಾರಿಗೆ ಎಷ್ಟು ಡೋಸ್, ಎಷ್ಟು ದಿನ, ಏರಿಸಬೇಕಾಯ್ತಾ, ಹಂಗೇ ನಿಂತ್ಕೊಳ್ತಾ ಅಂತ. ರೋಗಿಗಳ ಮಾತು ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟರು. ನೋವಿಗೆ ಸರಿಯಾಗಿ ಹೊಂದಿಸಿ ಕೊಟ್ರೆ ಚಟ ಹತ್ತೋದು ಅಲ್ಲಿ ಸಮಸ್ಯೆನೇ ಆಗಿರ್ಲಿಲ್ಲ, ರೋಗಿಗಳು ಎಚ್ಚರವಾಗಿದ್ದು ಮಾತಾಡ್ತಿದ್ರು, ಓದ್ತಿದ್ರು. ಆಮೇಲೆ 70ರ ದಶಕದಲ್ಲಿ ರಾಬರ್ಟ್ ಟ್ವೈಕ್ರಾಸ್ ಅನ್ನೋ ಡಾಕ್ಟರು ಇವರೇ ಕಟ್ಟಿದ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸಲ್ಲೇ ಕೂತು ಇನ್ನೂ ಕಟ್ಟುನಿಟ್ಟಾಗಿ ಅಧ್ಯಯನ ಮಾಡಿದ್ರು. ಆಗೆಲ್ಲ ಹೆರಾಯಿನ್, ಕೊಕೇನ್, ಮದ್ಯ ಎಲ್ಲ ಸೇರಿಸಿ ಬ್ರಾಂಪ್ಟನ್ ಕಾಕ್‌ಟೇಲ್ ಅಂತ ಒಂದು ಮಿಶ್ರಣ ಕೊಡ್ತಿದ್ರು, ಸಿಸಿಲಿ ಮೇಡಂಗೂ ಹೆರಾಯಿನ್ ಮೇಲೆ ಒಲವಿತ್ತು. ಬಾಯಲ್ಲಿ ಟೈಮಿಗೆ ಸರಿಯಾಗಿ ಕೊಟ್ರೆ ಮಾರ್ಫಿನ್ನೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಗೊತ್ತಾಯ್ತು. ಅವರದೇ ಮನೆಯಲ್ಲಿ ಅವರದೇ ನಂಬಿಕೆ ಪರೀಕ್ಷೆಗೆ ಬಿತ್ತು, ಫಲಿತಾಂಶ ಬಂದಾಗ ಒಪ್ಪಿಕೊಂಡು ಪದ್ಧತಿ ಬದಲಾಯಿಸಿದ್ರು. ನನಗೆ ಅವರ ಮೇಲೆ ಗೌರವ ಜಾಸ್ತಿ ಆಗಿದ್ದು ಅಲ್ಲಿ.

ನೇರಮಾತು
ಎಲ್ಲ ಸರಿ, ಒಂದೆರಡು ಪ್ರಶ್ನೆ ಇದೆ, ಯಾರೂ ಬೇಜಾರು ಮಾಡ್ಕೋಬೇಡಿ. ಒಂದು, ಅಷ್ಟು ದುಡ್ಡು ಅಷ್ಟು ಶ್ರಮ ರೋಗ ವಾಸಿ ಮಾಡೋ ಕಡೆ ಹಾಕಿದ್ರೆ ಇನ್ನೂ ಜಾಸ್ತಿ ಜನಕ್ಕೆ ಉಪಯೋಗ ಆಗ್ತಿರ್ಲಿಲ್ವಾ? ಎರಡು, ಇವರು ತುಂಬಾ ದೈವಭಕ್ತೆ ಕ್ರೈಸ್ತ ಮಹಿಳೆ ಅಂತ ಓದಿದೀನಿ, ಸಾಯೋ ಹೊತ್ತಲ್ಲಿ ಮನುಷ್ಯ ಮೆತ್ತಗಾಗಿರ್ತಾನೆ, ಆಗ ಧರ್ಮ ಹೇಳೋದು ಸರಿನಾ?

ಕಾಡುಮಲ್ಲಿಗೆ
ನೇರಮಾತು ಸರ್, ಕೇಳಿದ್ದು ಒಳ್ಳೇದಾಯ್ತು, ಇದು ತುಂಬಾ ಜನರ ಮನಸ್ಸಲ್ಲಿ ಇರೋದೇ.

ಧರ್ಮದ ವಿಷಯ ಮೊದಲು. ಹೌದು, ಅವರಿಗೆ ಗಾಢವಾದ ನಂಬಿಕೆ ಇತ್ತು, 1945ರ ಹೊತ್ತಿಗೆ ಬಂದಿದ್ದು, ಅದನ್ನ ಯಾವತ್ತೂ ಮುಚ್ಚಿಡ್ಲಿಲ್ಲ. ಹಾಸ್ಪಿಸ್ ಕಟ್ಟೋ ಯೋಚನೆ ಬಂದಾಗ ಇದು ಒಂದು ಧಾರ್ಮಿಕ ಸಮುದಾಯ ಆಗ್ಬೇಕಾ, ಎಲ್ರಿಗೂ ತೆರೆದಿರೋ ವೈದ್ಯಕೀಯ ಸಂಸ್ಥೆ ಆಗ್ಬೇಕಾ ಅಂತ ಸ್ನೇಹಿತರ ಜೊತೆ ವರ್ಷಗಟ್ಟಲೆ ಚರ್ಚೆ ಮಾಡಿದ್ರು. ಕೊನೆಗೆ ಯಾವ ಧರ್ಮದವರಿಗೂ, ಧರ್ಮ ಇಲ್ಲದವರಿಗೂ ಜಾಗ ಅಂತಾನೇ ತೀರ್ಮಾನ ಆಗಿದ್ದು. ಮೇಲೆ ಹಳೇಪುಸ್ತಕ ಅವರು ಬರೆದಿದ್ದು ನೋಡಿ, ಟಾಸ್ಮಾ ದೇವರನ್ನ ಅಷ್ಟಾಗಿ ನಂಬಿದವನಲ್ಲ, ಇನ್ನೂ ಓದ್ಲಾ ಅಂದಾಗ ಬೇಡ ಅಂದ, ಇವರು ನಿಲ್ಲಿಸಿದ್ರು. ಆ ಬೇಡವನ್ನ ಅವರು ಜೀವನ ಪೂರ್ತಿ ನೆನಪಿಟ್ಕೊಂಡ್ರು.

ಇನ್ನು ವಾಸಿ ಮಾಡೋದರ ಬಗ್ಗೆ. ವಾಸಿ ಮಾಡೋ ಕಡೆ ದುಡ್ಡು, ಬುದ್ಧಿ, ಹೆಸರು ಎಲ್ಲ ಆಗ್ಲೇ ಹರೀತಾ ಇತ್ತು ಸರ್, ಯುದ್ಧ ಆದ್ಮೇಲೆ ಹೊಸ ಔಷಧಿ, ಹೊಸ ಆಪರೇಷನ್ ಅಂತ ವೈದ್ಯಲೋಕ ಹುರುಪಿನಲ್ಲಿತ್ತು. ಅದೇ ಹುರುಪಿನಲ್ಲಿ ವಾಸಿ ಆಗದವರು ವಾರ್ಡಿನ ಮೂಲೆ ಹಾಸಿಗೆಗೆ ಸರಿದು ಹೋದ್ರು, ರೌಂಡ್ಸಿಗೆ ಬಂದ ಡಾಕ್ಟರು ಅವರ ಹತ್ರ ನಿಲ್ದೆ ಮುಂದೆ ಹೋಗ್ತಿದ್ರು. ನಾನು ನರ್ಸಾಗೇ ವಾಪಸ್ ಹೋಗಿ ರಾತ್ರಿ ಹೊತ್ತು ಇವರನ್ನ ನೋಡ್ಕೋತೀನಿ ಅಂತ ಸಿಸಿಲಿ ಹೇಳಿದಾಗ, ಅವರು ಜೊತೆಗೆ ಕೆಲಸ ಮಾಡ್ತಿದ್ದ ಸರ್ಜನ್ ನಾರ್ಮನ್ ಬ್ಯಾರೆಟ್ ಏನು ಹೇಳಿದ್ರು ಗೊತ್ತಾ? ಹೋಗಿ ಮೆಡಿಸಿನ್ ಓದು, ಸಾಯೋರನ್ನ ಕೈಬಿಡೋರು ಡಾಕ್ಟರುಗಳೇ ಅಂತ. ಒಬ್ಬ ಹೆಸರಾಂತ ಸರ್ಜನ್ ತನ್ನ ವೃತ್ತಿ ಬಗ್ಗೆ ತಾನೇ ಹೇಳಿದ ಮಾತು ಅದು. ನರ್ಸ್ ಹೇಳಿದ್ರೆ ಕೇಳಲ್ಲ, ನೀನೂ ಡಾಕ್ಟರಾಗಿ ಹೇಳು ಅನ್ನೋ ಅರ್ಥನೂ ಅದರಲ್ಲಿತ್ತು. 1951ರಲ್ಲಿ ಸೇರಿ 1957ಕ್ಕೆ ಮುಗಿಸಿದ್ರು.

ಬೆಳ್ಳಿಚುಕ್ಕಿ
ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಎಂ.ಎ. ಥರ) ಓದ್ತಾ ಇರೋಳು, ನಮಗೆ ಇವರ 'ಟೋಟಲ್ ಪೇನ್', ಅಂದ್ರೆ ನೋವು ಬರೀ ಮೈಯದ್ದಲ್ಲ ಅನ್ನೋ ವಿಚಾರ, ಪಾಠದಲ್ಲೇ ಇದೆ, ಪರೀಕ್ಷೆಗೆ ದೈಹಿಕ, ಮಾನಸಿಕ, ಸಾಮಾಜಿಕ, ಆಧ್ಯಾತ್ಮಿಕ ಅಂತ ನಾಲ್ಕು ಪಾಯಿಂಟ್ ಬರೆದು ಬಂದ್ಬಿಡ್ತೀವಿ. ಆದ್ರೆ ಅದು ಎಲ್ಲಿಂದ ಬಂತು ಅಂತ ಓದಿದ ಮೇಲೆ ನನಗೆ ಅದು ಪಾಯಿಂಟ್ ಆಗಿ ಉಳೀಲಿಲ್ಲ.

ಸೇಂಟ್ ಜೋಸೆಫ್ಸಲ್ಲಿ ಒಬ್ಬ ರೋಗಿಗೆ ನಿಮ್ಮ ನೋವಿನ ಬಗ್ಗೆ ಹೇಳಿ ಅಂತ ಕೇಳಿದ್ರಂತೆ. ಆಯಮ್ಮ, ಡಾಕ್ಟರೇ, ಬೆನ್ನಲ್ಲಿ ಶುರುವಾಯ್ತು, ಈಗ ನನ್ನದು ಎಲ್ಲಾನೂ ಕೆಟ್ಟು ಹೋಗಿದೆ ಅನ್ಸುತ್ತೆ ಅಂದ್ರು. ಆಮೇಲೆ ಹಂಗೇ ಹೇಳ್ತಾ ಹೋದ್ರು, ಗಂಡ ಮಗ ತುಂಬಾ ಒಳ್ಳೆಯವರು ಆದ್ರೆ ಕೆಲಸಕ್ಕೆ ಹೋಗೋರು, ರಜೆ ಹಾಕಿ ಕೂತಿದ್ರೆ ಸಂಬಳ ಹೋಗ್ತಿತ್ತು, ಮಾತ್ರೆ ಇಂಜೆಕ್ಷನ್ನಿಗೆ ಅಳು ಬರ್ತಿತ್ತು ಆದ್ರೆ ಕೇಳಬಾರದು ಅಂತ ಗೊತ್ತಿತ್ತು, ಎಲ್ಲ ನನಗೆ ವಿರುದ್ಧ ಇದ್ದಂಗೆ, ಯಾರಿಗೂ ಅರ್ಥ ಆಗ್ತಿಲ್ಲ ಅನ್ನಿಸ್ತಿತ್ತು ಅಂತ. ಇಷ್ಟು ಹೇಳಿ ಸ್ವಲ್ಪ ಸುಮ್ನಿದ್ದು, ಮತ್ತೆ ಸುರಕ್ಷಿತವಾಗಿದೀನಿ ಅನ್ಸೋಕೆ ಶುರುವಾಗಿರೋದು ಎಷ್ಟು ಚೆನ್ನಾಗಿದೆ ಅಂದ್ರಂತೆ.

ಒಂದೇ ಪ್ರಶ್ನೆಗೆ ಬಂದ ಉತ್ತರದಲ್ಲಿ ದೇಹ, ಮನೆ, ದುಡ್ಡು, ಒಂಟಿತನ ಎಲ್ಲಾ ಬಂತಲ್ವಾ! ನಾಲ್ಕೂ ಗಂಟು ಹಾಕ್ಕೊಂಡಿರುತ್ತೆ, ಒಂದನ್ನ ಮಾತ್ರ ಎಳೆದ್ರೆ ಬಿಚ್ಚಲ್ಲ. ಸಂಬಳ ಹೋಗೋ ಚಿಂತೆಗೆ ಮಾರ್ಫಿನ್ ಎಷ್ಟು ಕೊಟ್ಟರೂ ಆಗಲ್ಲ, ಅದಕ್ಕೆ ಅಲ್ಮೋನರ್ ಬೇಕು. ಅವರು ನರ್ಸೂ ಆಗಿ ಅಲ್ಮೋನರೂ ಆಗಿ ಡಾಕ್ಟರೂ ಆಗಿದ್ದರಿಂದಾನೇ ಇದು ಅವರಿಗೆ ಒಟ್ಟಿಗೆ ಕಾಣ್ಸಿದ್ದು ಅಂತ ನನ್ನ ಅನಿಸಿಕೆ. ಬೆನ್ನು ಸರಿ ಇದ್ದಿದ್ರೆ ಅವರು ಬರೀ ನರ್ಸಾಗೇ ಉಳೀತಿದ್ರು, ಆಗ ಇದೆಲ್ಲ ಹೆಂಗಾಗ್ತಿತ್ತೋ.

ರಾತ್ರಿಪಾಳಿ
ಬೆಳ್ಳಿಚುಕ್ಕಿ ಪುಟ್ಟಿ, ಚೆನ್ನಾಗಿ ಬರೆದ್ಯಮ್ಮ. ಆದ್ರೆ "ಬರೀ ನರ್ಸಾಗೇ" ಅನ್ನೋದು ಬೇಡ ಕಣೇ. ಸಿಸಿಲಿ ಮೇಡಂ ಡಾಕ್ಟರ್ ಆದ ಮೇಲೂ ತಾನು ಮೊದಲು ನರ್ಸು ಅನ್ನೋದನ್ನ ಬಿಡ್ಲಿಲ್ಲ. ತಮ್ಮ ವಿಚಾರಗಳನ್ನ ಮೊದಮೊದಲು ಸರಣಿಯಾಗಿ ಬರೆದದ್ದು 1959ರಲ್ಲಿ ನರ್ಸಿಂಗ್ ಟೈಮ್ಸ್ ಪತ್ರಿಕೆಯಲ್ಲಿ, ನರ್ಸುಗಳಿಗೋಸ್ಕರ. ಹಾಸಿಗೆ ಪಕ್ಕ ಕೂತು ಬಾಯಿ ಒದ್ದೆ ಮಾಡೋದು, ದಿಂಬು ಸರಿ ಮಾಡೋದು, ಮಲಬದ್ಧತೆ ಆಗಿದೆಯಾ ಅಂತ ಕೇಳೋದು, ಇದನ್ನೆಲ್ಲ ಅವರು ದೊಡ್ಡ ವಿಷಯವಾಗೇ ಬರೀತಾರೆ. ಮಾರ್ಫಿನ್ ಜೊತೆಗೆ ಮೊದಲ ದಿನದಿಂದಲೇ ಮಲ ಸಡಿಲ ಮಾಡೋ ಔಷಧಿ ಕೊಡ್ಬೇಕು ಅನ್ನೋದನ್ನ ಮರೆತು ಎಷ್ಟು ಜನ ಒದ್ದಾಡ್ತಾರೆ ಗೊತ್ತಾ, ನೋವು ಹೋಯ್ತು ಅಂತ ಎಲ್ರೂ ನೆಮ್ಮದಿಯಾಗಿದ್ರೆ ರೋಗಿ ಹೊಟ್ಟೆ ಉಬ್ಬಿ ಸಾಯ್ತಾ ಇರ್ತಾರೆ. ಆರೈಕೆ ಅಂದ್ರೆ ಇಂಥದ್ದೇ.

ಹಳೇಪುಸ್ತಕ
ಕಟ್ಟಡದ ಬಗ್ಗೆ ಯಾರೂ ಹೇಳ್ಲಿಲ್ಲ, ನಾನೇ ಹೇಳ್ತೀನಿ. 1961ರಲ್ಲಿ ಧರ್ಮಾರ್ಥ ಸಂಸ್ಥೆ ಅಂತ ನೋಂದಣಿ ಆಯ್ತು. ಟ್ರಸ್ಟುಗಳು, ಫೌಂಡೇಷನ್ನುಗಳು, ಒಬ್ಬೊಬ್ಬರೇ ದಾನಿಗಳು, ಎಲ್ರಿಗೂ ಕಾಗದ ಬರೆದು ಬರೆದು ದುಡ್ಡು ಕೂಡಿಸಿದ್ರು. ದಕ್ಷಿಣ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್ 1967ರ ಜುಲೈನಲ್ಲಿ ಶುರುವಾಯ್ತು, 54 ಹಾಸಿಗೆ. ಬಾಗಿಲ ಹತ್ರ ಟಾಸ್ಮಾ ಹೆಸರಲ್ಲಿ ಒಂದು ದೊಡ್ಡ ಸಾದಾ ಗಾಜಿನ ಕಿಟಕಿ. ಬಣ್ಣದ ಗಾಜು, ಚಿತ್ತಾರ ಏನೂ ಇಲ್ಲ.

ನನಗೆ ಇಷ್ಟ ಆಗೋದು ಅಲ್ಲಿನ ಸಣ್ಣ ಸಣ್ಣ ವ್ಯವಸ್ಥೆಗಳು. ಕೆಲಸದವರ ಮಕ್ಕಳಿಗೆ ಒಳಗೇ ಆಟದ ಮನೆ, ಹಂಗಾಗಿ ರೋಗಿಗಳ ಕಿವಿಗೆ ಮಕ್ಕಳ ಸದ್ದು ಬೀಳ್ತಿತ್ತು. ಆ ಕಾಲದ ಆಸ್ಪತ್ರೆಗಳಲ್ಲಿ ನೋಡೋಕೆ ಬರೋರಿಗೆ ಗಂಟೆ ಲೆಕ್ಕ ಇದ್ರೆ ಇಲ್ಲಿ ಯಾವಾಗ ಬೇಕಾದ್ರೂ ಬರಬಹುದಿತ್ತು, ಸೋಮವಾರ ಒಂದು ಬಿಟ್ಟು. ಸೋಮವಾರ ಮನೆಯವರಿಗೆ ರಜೆ. ಯಾಕೆ ಗೊತ್ತಾ, ದಿನಾ ಬಂದು ಕೂತು ಬಳಲಿದ ಹೆಂಡತಿಗೋ ಮಗಳಿಗೋ ಒಂದು ದಿನ ಬಟ್ಟೆ ಒಗೆಯೋಕೆ ನಿದ್ದೆ ಮಾಡೋಕೆ ಸಿಗ್ಲಿ, ಬರಲಿಲ್ಲ ಅನ್ನೋ ಪಾಪಪ್ರಜ್ಞೆ ಇಲ್ದೆ. ರೋಗಿ ಪಕ್ಕ ಕೂತೋರ ಬಗ್ಗೆ ಇಷ್ಟು ಯೋಚಿಸಬೇಕಾದ್ರೆ ಮನಸ್ಸು ಎಂಥದ್ದಿರ್ಬೇಕು!

1969ರಲ್ಲಿ ಮನೆಮನೆಗೆ ಹೋಗಿ ನೋಡ್ಕೊಳ್ಳೋ ನರ್ಸುಗಳ ತಂಡ ಶುರು ಮಾಡಿದ್ರು. ಸತ್ತವರ ಮನೆಯವರ ದುಃಖದ ಕಡೆ ಗಮನ ಕೊಡೋಕೆ ಕಾಲಿನ್ ಮರ್ರಿ ಪಾರ್ಕ್ಸ್ ಅನ್ನೋ ಮನೋವೈದ್ಯರನ್ನ ಜೊತೆಗೆ ಸೇರಿಸ್ಕೊಂಡ್ರು.

ನೇರಮಾತು
ಉತ್ತರಗಳಿಗೆ ಥ್ಯಾಂಕ್ಸ್, ಓದ್ತಾ ಇದೀನಿ. ಇನ್ನೊಂದು ಕೇಳ್ತೀನಿ. ಇವರು ದಯಾಮರಣದ ವಿರುದ್ಧ ಇದ್ರು ಅಲ್ವಾ? ನೋವಲ್ಲಿರೋ ಮನುಷ್ಯ ತಾನೇ ಸಾಕು ಅಂದ್ರೆ ಬೇಡ ಅನ್ನೋಕೆ ನಾವ್ಯಾರು? ನಮ್ಮ ದೊಡ್ಡಮ್ಮ ಕೊನೆಗೆ ನನ್ನ ಕಳಿಸಿಕೊಟ್ಬಿಡ್ರೋ ಅಂತ ಅಂದಿದ್ದು ಇನ್ನೂ ಕಿವಿಯಲ್ಲಿದೆ.

ಒಂಟಿಮರ
ನಮ್ಮಪ್ಪನೂ ಅದೇ ಅಂದಿದ್ರು ಸರ್. ಆದ್ರೆ ಒಂದು ರಾತ್ರಿ ಡ್ಯೂಟಿಗೆ ಬಂದ ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ರು ಡಾಕ್ಟರಿಗೆ ಫೋನ್ ಮಾಡಿ ಜಗಳ ಆಡಿ ಸರಿಯಾಗಿ ನೋವಿನ ಔಷಧಿ ಕೊಡಿಸಿದ್ರು. ಬೆಳಿಗ್ಗೆ ಅಪ್ಪ ಕಾಫಿ ಕೇಳಿದ್ರು. ಕಳಿಸ್ಬಿಡಿ ಅನ್ನೋ ಮಾತು ಆವತ್ತು ಇಡೀ ದಿನ ಬರಲಿಲ್ಲ. ಎಲ್ರಿಗೂ ಹಿಂಗೇ ಆಗುತ್ತೆ ಅಂತ ನಾನು ಹೇಳ್ತಿಲ್ಲ, ನಾನು ಕಂಡಿದ್ದು ಇಷ್ಟು.

ಕಾಡುಮಲ್ಲಿಗೆ
ಹೌದು ನೇರಮಾತು ಸರ್, ವಿರುದ್ಧವೇ ಇದ್ರು, ಬಹಿರಂಗವಾಗಿ ವಾದ ಮಾಡ್ತಿದ್ರು. ಸಾಕು ಅನ್ನೋರಲ್ಲಿ ತುಂಬಾ ಜನ ನೋವು ಸಾಕು, ಹೊರೆ ಆಗಿರೋದು ಸಾಕು, ಒಂಟಿತನ ಸಾಕು ಅಂತಿರ್ತಾರೆ, ಮೊದಲು ಅದನ್ನ ತೆಗೆಯೋಣ ಅನ್ನೋದು ಅವರ ನಿಲುವು. ಅವರ ಪ್ರಸಿದ್ಧವಾದ ಮಾತಿದೆ, ನನ್ನ ಕನ್ನಡದಲ್ಲಿ ಹೇಳೋದಾದ್ರೆ, ನೀವು ನೀವಾಗಿರೋದ್ರಿಂದಲೇ ನಮಗೆ ಮುಖ್ಯ, ಬದುಕಿನ ಕೊನೇ ಗಳಿಗೆ ತನಕ ಮುಖ್ಯ, ನೆಮ್ಮದಿಯಿಂದ ಸಾಯೋಕೆ ಅಷ್ಟೇ ಅಲ್ಲ, ಸಾಯೋವರೆಗೂ ಬದುಕೋಕೂ ನಮ್ಮ ಕೈಲಾದದ್ದೆಲ್ಲ ಮಾಡ್ತೀವಿ ಅಂತ. ಒಳ್ಳೇ ಆರೈಕೆ ಕೊಟ್ಟರೂ ಸಾಕು ಅನ್ನೋರು ಇದ್ದೇ ಇರ್ತಾರೆ, ಆ ಚರ್ಚೆ ಇಂಗ್ಲೆಂಡಲ್ಲೂ ನಿಂತಿಲ್ಲ. ನನಗೆ ಅನ್ಸೋದು, ನೋವಿಗೆ ಔಷಧಿನೇ ಸಿಗದ ಕಡೆ ಸಾವನ್ನ ಆಯ್ಕೆ ಅಂತ ಕರೆಯೋದು ತಪ್ಪು. ನಿಮ್ಮ ದೊಡ್ಡಮ್ಮನ ಮಾತು ಮನಸ್ಸಿಗೆ ನಾಟ್ತು ಸರ್.

ಬೆಳ್ಳಿಚುಕ್ಕಿ
ಒಬ್ರ ಕೆಲಸ ಹೆಂಗೆ ಹಬ್ಬುತ್ತೆ ನೋಡಿ. 1963ರಲ್ಲಿ ಅಮೆರಿಕಾದ ಯೇಲ್ ಯೂನಿವರ್ಸಿಟಿಗೆ ಹೋಗಿ ಸಿಸಿಲಿ ಅವರು ಒಂದು ಭಾಷಣ ಮಾಡಿದ್ರು. ಅಲ್ಲಿನ ನರ್ಸಿಂಗ್ ಸ್ಕೂಲಿನ ಡೀನ್ ಫ್ಲಾರೆನ್ಸ್ ವಾಲ್ಡ್ ಅದನ್ನ ಕೇಳಿದ್ರು. ಕೆಲವು ವರ್ಷ ಆದ್ಮೇಲೆ ಡೀನ್ ಹುದ್ದೆನೇ ಬಿಟ್ಟು ಲಂಡನ್ನಿಗೆ ಬಂದು ಸೇಂಟ್ ಕ್ರಿಸ್ಟಫರ್ಸಲ್ಲಿ ಕೆಲಸ ಕಲಿತು, ವಾಪಸ್ ಹೋಗಿ ಕನೆಕ್ಟಿಕಟ್‌ನಲ್ಲಿ ಅಮೆರಿಕಾದ ಮೊದಲ ಆಧುನಿಕ ಹಾಸ್ಪಿಸ್ ಶುರು ಮಾಡಿದ್ರು, 1974ರಲ್ಲಿ. ಕೆನಡಾದ ಬಾಲ್ಫರ್ ಮೌಂಟ್ ಅನ್ನೋ ಸರ್ಜನ್ನೂ ಸೇಂಟ್ ಕ್ರಿಸ್ಟಫರ್ಸ್ ನೋಡಿಕೊಂಡು ಹೋಗಿ ಮಾಂಟ್ರಿಯಲ್‌ನಲ್ಲಿ ಆಸ್ಪತ್ರೆ ಒಳಗೇ ವಾರ್ಡ್ ಮಾಡಿದ್ರು. 1987ಕ್ಕೆ ಬ್ರಿಟನ್ನಿನಲ್ಲಿ ಪ್ಯಾಲಿಯೇಟಿವ್ ಕೇರನ್ನ ವೈದ್ಯಕೀಯದ ಒಂದು ಸ್ಪೆಷಾಲಿಟಿ ಅಂತಾನೇ ಒಪ್ಪಿಕೊಂಡ್ರು.

ನಮ್ಮ ದೇಶಕ್ಕೂ ಬಂತು. 1986ರಲ್ಲಿ ಮುಂಬೈಯಲ್ಲಿ ಶಾಂತಿ ಆವೇದನಾ ಸದನ, 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರ ಕೆಲಸ, ನಮ್ಮ ಬೆಂಗಳೂರಿನ ಕರುಣಾಶ್ರಯ. 1985ರ ಮಾದಕವಸ್ತು ಕಾಯ್ದೆಯಿಂದಾಗಿ ಆಸ್ಪತ್ರೆಗಳಿಗೆ ಮಾರ್ಫಿನ್ ತರಿಸೋದೇ ಕಷ್ಟ ಆಗಿತ್ತು, ನಾನಾ ಲೈಸೆನ್ಸು, 2014ರ ತಿದ್ದುಪಡಿಯಲ್ಲಿ ಅದನ್ನ ಸುಲಭ ಮಾಡಿದ್ರು. ಒಂಟಿಮರ ಅಣ್ಣ, ನಿಮ್ಮಪ್ಪನವರಿಗೆ ಸಿಗದೇ ಇದ್ದಿದ್ದಕ್ಕೆ ಬರೀ ಆ ಆಸ್ಪತ್ರೆಯವರ ಮನಸ್ಸು ಮಾತ್ರ ಅಲ್ಲ, ಕಾನೂನಿನ ಭಯನೂ ಕಾರಣ ಇರಬಹುದು.

ಹಳೇಪುಸ್ತಕ
ಅವರ ಸ್ವಂತ ಬದುಕಿನ ಬಗ್ಗೆ ಎರಡು ಮಾತು. ಮದುವೆ ಆಗಿದ್ದು 1980ರಲ್ಲಿ, 61ನೇ ವಯಸ್ಸಲ್ಲಿ, ಮಾರಿಯನ್ ಬೋಹುಷ್ ಶಿಷ್ಕೊ ಅಂತ ಪೋಲೆಂಡಿನ ಚಿತ್ರಕಾರರನ್ನ. ಅವರ ಚಿತ್ರ ಒಂದನ್ನ 1963ರಲ್ಲಿ ಗ್ಯಾಲರಿಯಲ್ಲಿ ನೋಡಿ ಕೊಂಡ್ಕೊಂಡಿದ್ದೇ ಪರಿಚಯಕ್ಕೆ ಕಾರಣ. ಅವರ ಚಿತ್ರಗಳು ಹಾಸ್ಪಿಸಿನ ಗೋಡೆಗಳ ಮೇಲೆ ತೂಗು ಹಾಕಿದ್ವು. ಕೊನೆಗಾಲದಲ್ಲಿ ಗಂಡನನ್ನ ಅದೇ ಹಾಸ್ಪಿಸಲ್ಲಿ ನೋಡ್ಕೊಂಡ್ರು, ಅವರು 1995ರಲ್ಲಿ ಹೋದ್ರು. 1981ರಲ್ಲಿ ಟೆಂಪಲ್ಟನ್ ಪ್ರಶಸ್ತಿ, 1989ರಲ್ಲಿ ಆರ್ಡರ್ ಆಫ್ ಮೆರಿಟ್ ಬಂತು. ಸಿಸಿಲಿ ಅವರಿಗೂ ಕ್ಯಾನ್ಸರೇ ಬಂದು 2005ರ ಜುಲೈ 14ಕ್ಕೆ, 87ನೇ ವಯಸ್ಸಲ್ಲಿ, ತಾವೇ ಕಟ್ಟಿದ ಸೇಂಟ್ ಕ್ರಿಸ್ಟಫರ್ಸಲ್ಲೇ ತೀರ್ಕೊಂಡ್ರು.

ಹೊಸಚಿಗುರು
ಎಲ್ರ ಮಾತು ಓದಿದೆ, ಇಷ್ಟು ದಿನ ಸುಮ್ನೆ ಓದ್ತಿದ್ದೋಳು ಈಗ ಬರೀತಿದೀನಿ ಯಾಕಂದ್ರೆ ನಮ್ಮತ್ತೆ ಈಗ ಅದೇ ಸ್ಥಿತಿಯಲ್ಲಿದಾರೆ. ಮನೆಗೆ ಕರ್ಕೊಂಡು ಬಂದಿದೀವಿ. ಮಾತ್ರೆ ಕೊಟ್ಟಿದಾರೆ, ನೋವು ಬಂದಾಗ ಕೊಡಿ ಅಂದಿದಾರೆ, ಅತ್ತೆ ಹಲ್ಲು ಕಚ್ಚಿ ತಡ್ಕೋತಾರೆ, ನಮಗೆ ತೊಂದ್ರೆ ಅಂತ ಹೇಳೋದೇ ಇಲ್ಲ. ರಾತ್ರಿಪಾಳಿ ಅಕ್ಕ, ಡಾಕ್ಟರ ಹತ್ರ ಏನಂತ ಕೇಳ್ಲಿ?

ರಾತ್ರಿಪಾಳಿ
ಹೊಸಚಿಗುರು ಅಮ್ಮಾ, ಮೊದಲು ಡೋಸ್ ನೀವೇ ಬದಲಾಯಿಸ್ಬೇಡಿ. ಒಂದು ನೋಟ್‌ಬುಕ್ ಇಟ್ಕೊಳ್ಳಿ, ಎಷ್ಟು ಗಂಟೆಗೆ ಮಾತ್ರೆ ಕೊಟ್ರಿ, ಎಷ್ಟು ಹೊತ್ತಿಗೆ ನೋವು ಮತ್ತೆ ಶುರುವಾಯ್ತು, ರಾತ್ರಿ ಎಷ್ಟು ಸಲ ಎದ್ರು, ಸೊನ್ನೆಯಿಂದ 10ರವರೆಗೆ ಎಷ್ಟು ನೋವು ಅಂತ ಅತ್ತೆ ಬಾಯಿಂದಲೇ ಕೇಳಿ ಬರೀರಿ. ಹೇಳಲ್ಲ ಅಂದ್ರೆ ಮುಖ ನೋಡಿ, ಹುಬ್ಬು ಗಂಟು ಹಾಕೋದು, ಮಗ್ಗುಲು ಬದಲಾಯಿಸುವಾಗ ಮೈ ಬಿಗಿ ಮಾಡೋದು ಅದನ್ನೂ ಬರೀರಿ. ಅದನ್ನ ತಗೊಂಡು ಹೋಗಿ ಎರಡು ಪ್ರಶ್ನೆ ಕೇಳಿ: ಇದನ್ನ ನೋವು ಬಂದಾಗ ಅನ್ನೋ ಬದಲು ಟೈಮಿಗೆ ಸರಿಯಾಗಿ ಕೊಡಬಹುದಾ, ಮಧ್ಯದಲ್ಲಿ ನೋವು ಬಂದ್ರೆ ಹೆಚ್ಚಿಗೆ ಏನು ಕೊಡ್ಬೇಕು. ಇನ್ನೊಂದು, ಪ್ಯಾಲಿಯೇಟಿವ್ ಕೇರ್ ವಿಭಾಗ ಇದ್ರೆ ಅಲ್ಲಿಗೆ ಬರೆದುಕೊಡಿ ಅಂತ ಬಾಯಿಬಿಟ್ಟು ಕೇಳಿ, ಕೇಳೋದು ಅವಮಾನ ಅಲ್ಲ.

ಅತ್ತೆಗೆ ಹೇಳಿ, ತಡ್ಕೊಂಡ್ರೆ ನಮಗೆ ಉಪಕಾರ ಆಗಲ್ಲ, ಹೇಳಿದ್ರೇನೇ ನಾವು ನೆಮ್ಮದಿಯಾಗಿ ಮಲಗ್ತೀವಿ ಅಂತ. ಹಂಗಂದ್ರೆ ತುಂಬಾ ಜನ ಹಿರಿಯರು ಹೇಳ್ತಾರೆ, ನಾನು ನೋಡಿದೀನಿ.

ಹೊಸಚಿಗುರು
ಬರ್ಕೊಂಡೆ ಅಕ್ಕ. ಮಾರ್ಫಿನ್ ಅಂತ ಬರೆದುಕೊಟ್ರೆ ಯಾವಾಗ್ಲೂ ಮಲಗೇ ಇರ್ತಾರಾ? ಮೊಮ್ಮಗಳ ಜೊತೆ ಮಾತಾಡ್ಬೇಕು ಅಂತ ಅತ್ತೆಗೆ ಆಸೆ.

ರಾತ್ರಿಪಾಳಿ
ಶುರುವಿನ ಕೆಲವು ದಿನ ತೂಕಡಿಕೆ ಇರುತ್ತೆ, ಎಷ್ಟೋ ದಿನದ ನಿದ್ದೆನೂ ಬಾಕಿ ಇರುತ್ತಲ್ಲ, ಆಮೇಲೆ ಸಾಮಾನ್ಯವಾಗಿ ಕಮ್ಮಿ ಆಗುತ್ತೆ. ಎಬ್ಬಿಸಿದ್ರೂ ಏಳ್ತಾ ಇಲ್ಲ, ಉಸಿರಾಟ ತುಂಬಾ ನಿಧಾನ ಆಗಿದೆ ಅನ್ನಿಸಿದ್ರೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಮಲಬದ್ಧತೆ ಔಷಧಿ ಜೊತೆಗೇ ಬರೆಸ್ಕೊಳ್ಳಿ, ಮರೀಬೇಡಿ. ಯಾವ ಹೊತ್ತಲ್ಲಿ ಅತ್ತೆ ಹುಷಾರಾಗಿರ್ತಾರೆ ಅಂತ ನಿಮ್ಮ ನೋಟ್‌ಬುಕ್ಕಲ್ಲೇ ಗೊತ್ತಾಗುತ್ತೆ, ಆ ಹೊತ್ತಿಗೆ ಮಗುನ ಪಕ್ಕ ಕೂರಿಸಿ.